ನೋಡುವವರು ಯಾರು, ತಿದ್ದುವವರು ಯಾರು?

ಒಂದು ಊರಿನಲ್ಲಿ ಮುರಿಗೆಪ್ಪ ಎಂಬ ಸಾಹುಕಾರ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು ಅವನದು. ಅಲ್ಲಿ ನಾಲ್ಕು ಕಂಪ್ಯೂಟರು. ನಾಲ್ಕರಿಂದಲೂ ತೆರೆಯಬಹುದಾದ ಒಂದೇ ಫೋಲ್ಡರಿನಲ್ಲಿ ಎಲ್ಲ ಪತ್ರಿಕೆಗಳು. ಅದನ್ನು ಜೋಡಿಸಿಕೊಡಲು ಬಂದವನು ಕೇಳಿದ: "ಯಾರು ಬರೇ ನೋಡಬೇಕು, ಯಾರು ತಿದ್ದಬೇಕು, ಹೇಳ್ರಿ."

"ಎಲ್ಲಾರೂ ನಮ್ಮವರ. ಎಲ್ಲಾರಿಗೂ ಎಲ್ಲಾ ಕೊಟ್ಟುಬಿಡ್ರಿ!"

ಎಂಥ ದೊಡ್ಡ ಮನಸ್ಸು ಅನ್ನುತ್ತೀರಾ? ದೊಡ್ಡ ಮನಸ್ಸಲ್ಲ ನೋಡಿ ಅದು. ಒಬ್ಬೊಬ್ಬರ ಬಗ್ಗೆ ಯೋಚಿಸುವ ಬೇಸರ!

ಒಂದು ದಿನ ಅಕ್ಷರ ಜೋಡಿಸುವ ನೀಲವ್ವ ಲಗ್ನಪತ್ರಿಕೆಯೊಂದನ್ನು ಸಿದ್ಧ ಮಾಡಿ ಊಟಕ್ಕೆ ಹೋದಳು. ಕೌಂಟರಿನ ಶಂಕ್ರಪ್ಪನಿಗೆ ಎಂಬತ್ತು ತುಂಬಿದ ದೇಸಾಯರ ಸನ್ಮಾನಪತ್ರಿಕೆ ಮಾಡಬೇಕಿತ್ತು. ಹೊಸದು ಮಾಡುವ ಬದಲು ನೀಲವ್ವನದನ್ನೇ ತೆರೆದ. ವರನ ಹೆಸರು ಅಳಿಸಿ ದೇಸಾಯರ ಹೆಸರು ಹಾಕಿದ. ಅಷ್ಟರಲ್ಲಿ ಗಿರಾಕಿ ಕರೆದರು. ಹಾಗೆಯೇ ಸೇವ್ ಮಾಡಿ ಎದ್ದ. ಮಷಿನ್ನಿನವರು ಐನೂರು ಪ್ರತಿ ಹೊಡೆದರು. ಬೀಗರ ಮನೆಗೂ ತಲುಪಿತು.

ಹೆಣ್ಣಿನ ತಂದೆ ಅಳುತ್ತ ಬಂದ. "ಎಂಬತ್ತರ ಮುದುಕಗ ನನ್ನ ಮಗಳ್ನ ಗಂಟು ಹಾಕೀರಲ್ರೀ! ಬೀಗರು ಲಗ್ನಾನ ಬ್ಯಾಡ ಅನ್ನಾಕತ್ಯಾರ!"

ಹಿಂದೆಯೇ ದೇಸಾಯರು, ಕೈಯಲ್ಲಿ ಅದೇ ಪತ್ರಿಕೆ: "ನಂದೇನೂ ತಕರಾರಿಲ್ಲ. ನಮ್ಮಾಕಿನ್ನ ಒಂದ್ಮಾತು ಕೇಳ್ರಿ."

ಮುರಿಗೆಪ್ಪ ಬೀಗರ ಕಾಲಿಗೆ ಬಿದ್ದ; ಲಗ್ನ ಉಳಿಯಿತು. ಆದರೆ ಆ ಸಿಟ್ಟಿಗೆ ನೋಡುವ, ತಿದ್ದುವ ಅಧಿಕಾರವನ್ನೆಲ್ಲ ಎಲ್ಲರಿಂದ ಕಿತ್ತುಕೊಂಡ. ಪಾಸ್‌ವರ್ಡು ತನ್ನೊಬ್ಬನ ತಲೆಯಲ್ಲಿ! ಆಮೇಲೆ ತಂಗಿಯ ಊರಿಗೆ ಹೋದ. ಅಲ್ಲಿ ಫೋನು ಹತ್ತುವುದಿಲ್ಲ. ತೊಟ್ಟಿಲ ಪತ್ರಿಕೆಗೆ ಬಂದವರು ಕಾದರು, ಕಾದರು. ಅವನು ಮರಳುವಷ್ಟರಲ್ಲಿ ಕೂಸಿಗೆ ಹೆಸರಿಟ್ಟು, ಹೋಳಿಗೆ ಉಂಡು, ನೆಂಟರೂ ಊರು ಸೇರಿದ್ದರು.

ಆಗ ನೀಲವ್ವ ಅಂದಳು: "ಸಾವಕಾರ್ರ, ಪತ್ರಿಕೆ ತಿದ್ದೋದು ನನಗ ಬಿಡ್ರಿ. ಮಷಿನ್ನಿನವರು, ಶಂಕ್ರಣ್ಣ ನೋಡ್ಲಿ, ಸಾಕು. ನಾ ಇಲ್ಲದಾಗ ಯಾರು ಅಂತ ಒಂದು ಹೆಸರು ಬರದಿಡ್ರಿ."

ಮುರಿಗೆಪ್ಪ ಆಕೆಯ ಪಕ್ಕದಲ್ಲಿ ಕೂತು, ಒಬ್ಬೊಬ್ಬರ ಹೆಸರಿನ ಮುಂದೆ ಅವರವರ ಅಧಿಕಾರ ಬರೆಸಿದ. ಅರ್ಧ ತಾಸಿನ ಕೆಲಸ!

ನಗುತ್ತೀರಿ. ನಿಮ್ಮ ಮನೆಯಲ್ಲಿ ಏನು ನಡೆದಿದೆ? ಮಗಳು ಏನು ಓದಬೇಕು? ಸೋದರಮಾವ ತಿದ್ದುತ್ತಾನೆ. ಪಕ್ಕದ ಮನೆಯವರು ತಿದ್ದುತ್ತಾರೆ. ಮದುವೆಯಲ್ಲಿ ಒಮ್ಮೆ ಕಂಡವರೂ ತಿದ್ದುತ್ತಾರೆ. ಆ ಹುಡುಗಿಗೆ ಮಾತ್ರ ಬರೀ ನೋಡುವ ಅಧಿಕಾರ!

ಇವತ್ತು ಮನೆಗೆ ಹೋದ ಮೇಲೆ ಅವಳನ್ನು ಕೂರಿಸಿಕೊಂಡು, "ನಿನಗೇನು ಬೇಕವ್ವಾ?" ಎಂದು ಕೇಳಿ. ಕೇಳಿದ ಮೇಲೆ ನೀವು ಸುಮ್ಮನಿರಿ. ಕಷ್ಟವೇ. ಆದರೂ ಸುಮ್ಮನಿರಿ.