ತಂಗಿಯ ಗುನುಗು ಪರರ ಸ್ವತ್ತಾದ ಬಗ್ಗೆ

ಹೆಸರನ್ನು ಮೇಲಿನ ಅಂಕಣದಲ್ಲಿ ಬರೆಸಿದ್ದೇನೆ. ವಯಸ್ಸು 53. ಕಸುಬು ಹೊಲಿಗೆ, ಮತ್ತು ಆನ್‌ಲೈನ್ ವಿಡಿಯೋಗಳಲ್ಲಿ ಹೊಲಿಗೆ ಕಲಿಸುವುದು. ವಾಸ ಈ ಪೊಲೀಸ್ ಠಾಣೆಯಿಂದ ಒಂದೂವರೆ ಕಿಲೋಮೀಟರ್ ದೂರದ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ. ಈ ಮೂಲಕ ತಿಳಿಸುವುದೇನೆಂದರೆ,

ಆರು ವರ್ಷಗಳ ಹಿಂದೆ ನಾನೂ ನನ್ನ ತಂಗಿಯೂ ಈ ಹೊಲಿಗೆ ಪಾಠದ ಚಾನೆಲ್ ಶುರು ಮಾಡಿದೆವು. ನಾನು ಮೆಷಿನ್ ಮುಂದೆ ಕೂರುತ್ತಿದ್ದೆ. ಅವಳು ಎರಡಡಿ ಆಚೆ ಸ್ಟೂಲಿನ ಮೇಲೆ ಕೂತು ಮೊಬೈಲ್ ಹಿಡಿಯುತ್ತಿದ್ದಳು. ಅವಳಿಗೆ ಬಾಯಿ ಮುಚ್ಚಿ ಕೂತು ಗೊತ್ತೇ ಇರಲಿಲ್ಲ. ಚಿಕ್ಕಂದಿನಿಂದಲೂ ಒಂದೇ ರಾಗ ಗುನುಗುತ್ತಿದ್ದಳು, ಮಾತಿಲ್ಲದ್ದು, ಯಾರೂ ಕಲಿಸದ್ದು. ಪಾಠದ ನಡುವೆ ಇದೇನೇ ನಿನ್ನ ಸಂಗೀತ ಕಚೇರಿ ಎಂದು ನಾನು ಬಯ್ಯುತ್ತಿದ್ದೆ. ನೋಡುವವರಿಗೆ ಅದೇ ಹಿಡಿಸಿತು. ಒಟ್ಟು 340 ವಿಡಿಯೋಗಳಲ್ಲಿ 61ರಲ್ಲಿ ಅವಳ ದನಿಯಿದೆ. ಇತ್ತು ಎಂದು ಬರೆದುಕೊಳ್ಳಬೇಕು.

ನಮ್ಮ ಮೊಬೈಲ್‌ನಲ್ಲಿ ಜಾಗ ಕಡಿಮೆ. ವಿಡಿಯೋ ಚಾನೆಲ್‌ಗೆ ಏರಿದ ಕೂಡಲೇ ಮೊಬೈಲ್‌ನಲ್ಲಿದ್ದದ್ದನ್ನು ಅಳಿಸುವುದು ನಮ್ಮ ಪದ್ಧತಿ. ಚಿತ್ರೀಕರಿಸಿದ್ದನ್ನು ಕತ್ತರಿಸಿ ಜೋಡಿಸಲು ಒಬ್ಬ ಎಡಿಟರ್ ಮನೆಗೆ ಬರುತ್ತಿದ್ದ. ಅವನನ್ನು ನಾವು ಕತ್ತರಿ ಎಂದೇ ಕರೆಯುತ್ತಿದ್ದೆವು. ಅವನ ಅಂಗಿಗೆ ಗುಂಡಿ ಹಾಕಿಕೊಟ್ಟವಳು ನನ್ನ ತಂಗಿ. ಹದಿನಾಲ್ಕು ತಿಂಗಳ ಹಿಂದೆ ಅವಳು ಕಾಯಿಲೆಯಿಂದ ತೀರಿಕೊಂಡಳು. ಆಮೇಲೆ ನಾನು ದಿನಾ ಮೆಷಿನ್ ಪಕ್ಕ ಮೊಬೈಲ್ ಇಟ್ಟು ಒಂದು ಹಳೇ ಪಾಠ ಹಾಕಿಕೊಳ್ಳುತ್ತಿದ್ದೆ. ನೋಡುತ್ತಿರಲಿಲ್ಲ, ಕೇಳುತ್ತಿದ್ದೆ.

ಈ ತಿಂಗಳ 3ರಂದು ಬೆಳಿಗ್ಗೆ 10.40ಕ್ಕೆ ಮೊದಲ ಕಾಪಿರೈಟ್ ಸ್ಟ್ರೈಕ್, ಅಂದರೆ ಹಕ್ಕು ಮೀರಿದ್ದಕ್ಕೆ ಕೊಡುವ ಎಚ್ಚರಿಕೆ, ಬಂತು. ತೋಳಿನ ಪಟ್ಟಿ ಹೊಲಿಯುವ ಪಾಠದಲ್ಲಿ ನಾನು ಬೇರೆಯವರ ಹಾಡು ಬಳಸಿದ್ದೇನೆ ಎಂದಿತ್ತು. ಆ ಪಾಠದಲ್ಲಿ ಹಾಡೇ ಇಲ್ಲ. 9ರಂದು ಎರಡನೆಯದು ಬಂತು, ಜಾಹೀರಾತಿನ ಆದಾಯ ನಿಂತಿತು. 12ರಂದು ಉಳಿದ 59 ವಿಡಿಯೋಗಳ ಪಟ್ಟಿ ಬಂತು. ಏಳು ದಿನದೊಳಗೆ ಹಾಡನ್ನು ತೆಗೆಯದಿದ್ದರೆ ಮೂರನೇ ಸ್ಟ್ರೈಕ್ ಬಿದ್ದು ಇಡೀ ಚಾನೆಲ್ ಅಳಿಸಿಹೋಗುತ್ತದೆ ಎಂದಿತ್ತು. ಪಟ್ಟಿಯಲ್ಲಿ ಕತ್ತರಿಯ ಹೆಸರಿನಡಿ ಇದ್ದ ಹಾಡನ್ನು ಒತ್ತಿ ಕೇಳಿದೆ. ಕೆಳಗೆ ಡ್ರಮ್ ಬಡಿತ, ಮೇಲೆ ನನ್ನ ತಂಗಿ.

13ರಂದು ಬೆಳಿಗ್ಗೆ 9.30ಕ್ಕೆ, ನಮ್ಮ ಮನೆಯಿಂದ 400 ಮೀಟರ್ ದೂರದ ಕತ್ತರಿಯ ಕೋಣೆಗೆ ಹೋದೆ. ಅವನು ಎದ್ದು ನಿಂತ, ಕುರ್ಚಿ ಕೊಟ್ಟ. ನಾನು ಕೂರಲಿಲ್ಲ. ಉಂಡ ಮನೆಗೆ ಎರಡು ಬಗೆದೆಯಲ್ಲೋ ಎಂದು ಕೇಳಿದೆ. ಗುನುಗನ್ನು ಬೇರ್ಪಡಿಸಿ ಹಾಡು ಮಾಡಿದ್ದು ತಾನೇ, ಒಂದು ಸಂಗೀತ ಕಂಪನಿಗೆ ಹಕ್ಕು ಬರೆದುಕೊಟ್ಟಾಗಿದೆ, ನಮ್ಮ ವಿಡಿಯೋಗಳ ಮೂಲಪ್ರತಿ ತನ್ನಲ್ಲೂ ಉಳಿದಿಲ್ಲ ಎಂದು ಒಪ್ಪಿಕೊಂಡ. ಅವನು ಹೇಳಿದ ಮಾತು ಹೀಗಿದೆ: "ನೋಟಿಸ್ ಕಳಿಸಿದ್ದು ನಾನಲ್ಲ ಅಕ್ಕಾ, ಹಾಡು ಹೋಲಿಸಿ ನೋಡುವ ಯಂತ್ರ. ಯಾರು ಅಕ್ಕ, ಯಾರು ತಂಗಿ ಅಂತ ಅದಕ್ಕೇನು ಗೊತ್ತು."

ಮನೆಗೆ ಬಂದು ಆಕ್ಷೇಪಣೆಯ ಅರ್ಜಿ ತೆರೆದೆ. ಮೂಲ ಧ್ವನಿಮುದ್ರಿಕೆ ಲಗತ್ತಿಸಿ, ದನಿಯ ಮಾಲೀಕರು ಸಹಿ ಮಾಡಬೇಕು ಎಂದಿತ್ತು. ಯಾವ ವಿಳಾಸಕ್ಕೆ ಹೋಗಿ ಅವಳ ಸಹಿ ಹಾಕಿಸಿಕೊಂಡು ಬರಲಿ?

18ರವರೆಗೆ ಕಾದೆ. ಚಾನೆಲ್ ಹೋದರೆ ನನ್ನ ಅನ್ನವೂ ಹೋಗುತ್ತದೆ, ತಂಗಿ ಹಿಡಿದ ಚಿತ್ರಗಳೂ ಹೋಗುತ್ತವೆ. ಆ ದಿನ ಬೆಳಿಗ್ಗೆ 11.20ಕ್ಕೆ ಕೂತು, ಹಾಡನ್ನು ಮಾತ್ರ ತೆಗೆಯುವ ಗುಂಡಿಯನ್ನು ಒಂದೊಂದೇ ವಿಡಿಯೋದಲ್ಲಿ ಒತ್ತಿದೆ. ಸ್ಟ್ರೈಕ್ ಬಿದ್ದ ಎರಡನ್ನು ಅವರೇ ತೆಗೆದಿದ್ದರು, ಉಳಿದ 59 ಮುಗಿದಾಗ 3.05. ನಲ್ಲಿ ನಿಲ್ಲಿಸಿದ ಹಾಗೆ, ಮುಂದೆ ಬೇಕಾದಾಗ ತಿರುಗಿಸಿದರೆ ದನಿ ಬರುತ್ತದೆ ಎಂದುಕೊಂಡಿದ್ದೆ; ಒಮ್ಮೆ ತೆಗೆದದ್ದು ಮರಳಿ ಬರುವುದಿಲ್ಲವಂತೆ. ಮೊದಲು ಪ್ರತಿ ಇಳಿಸಿಕೊಳ್ಳಬೇಕಿತ್ತು ಎಂದು ಹೊಳೆಯಲಿಲ್ಲ. ಎರಡು ಸಲ ಅಳೆದು ಒಂದು ಸಲ ಕತ್ತರಿಸಿ ಎಂದು ಊರಿಗೆಲ್ಲ ಪಾಠ ಹೇಳಿದವಳು ನಾನು. ಸಂಜೆ ಒಂದು ಪಾಠ ಹಾಕಿದೆ. ಮೆಷಿನ್ ಸದ್ದಿದೆ, ಬಟ್ಟೆ ಹರಿಯುವ ಸದ್ದಿದೆ, ನಾನು ಯಾರನ್ನೋ ಬಯ್ಯುವುದೂ ಇದೆ. ಅವಳಿಲ್ಲ. ನನ್ನ ಕೈಯಾರೆ ಅವಳನ್ನು ಎರಡನೇ ಸಲ ಕಳಿಸಿದೆ.

20ರಂದು ಬೆಳಿಗ್ಗೆ 10.15ಕ್ಕೆ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದೆ. ಮೂರು ಕುರ್ಚಿ ಆಚೆ ಗುರುತಿಲ್ಲದ ಹೆಂಗಸೊಬ್ಬರ ಮೊಬೈಲ್‌ನಲ್ಲಿ ಬೆಕ್ಕಿನ ವಿಡಿಯೋ ಓಡುತ್ತಿತ್ತು. ಅದಕ್ಕೆ ಹಿನ್ನೆಲೆಯಾಗಿ ಆ ಹಾಡು. ನಡುವೆ ಕತ್ತರಿ ತೆಗೆಯದೆ ಬಿಟ್ಟ ತಂಗಿಯ ಒಂದು ಮಾತಿತ್ತು: "ಅಕ್ಕಾ, ದಾರ ಬಿಟ್ಟೋಯ್ತು ನೋಡು." ನಾನು ಹ್ಞಾಂ ಎಂದು ಗಟ್ಟಿಯಾಗಿ ಓಗೊಟ್ಟು ಎದ್ದು ನಿಂತೆ. ಎಲ್ಲರೂ ನನ್ನನ್ನು ನೋಡಿದರು. ಹಲ್ಲು ತೋರಿಸದೆ ಮನೆಗೆ ಬಂದೆ.

ಈ ದಿನ ಠಾಣೆಗೆ ಬಂದು ಕತ್ತರಿಯ ಮೇಲೆ ದೂರು ಕೊಟ್ಟಿದ್ದೇನೆ. ಇದನ್ನು ಬರೆದುಕೊಳ್ಳುತ್ತಿರುವ ಸಾಹೇಬರು, ಕಳವು ಸಾಬೀತಾದರೆ ಮೊದಲು ಆ ಹಾಡನ್ನು ಎಲ್ಲ ಕಡೆಯಿಂದ ಅಳಿಸಿಹಾಕಿಸುತ್ತೇವೆ ಎಂದು ಧೈರ್ಯ ಹೇಳಿದರು. ಬೇಡ ಎಂದೆ. ಏಕೆಂದು ಕೇಳಿದರು. ಅವಳ ದನಿ ಈಗ ಉಳಿದಿರುವುದು ಅದೊಂದರಲ್ಲೇ. ಅವನಿಗೆ ಏನು ಶಿಕ್ಷೆಯಾದರೂ ಆಗಲಿ, ಹಾಡು ಇರಲಿ. ಅಳಿಸಲೇಬೇಕು ಎನ್ನುವುದಾದರೆ ಈ ದೂರನ್ನು ಇಲ್ಲಿಯೇ ಹರಿದುಹಾಕಿ, ಅವನೇ ಗೆದ್ದ ಎಂದು ಬರೆದುಕೊಳ್ಳಿ.

ಇಷ್ಟನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ, ಸುಳ್ಳಿಲ್ಲ. ಕೊನೆಯ ಕೋರಿಕೆಯ ಕೆಳಗೆ ಗೆರೆ ಎಳೆಸಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ
ದಿನ: ಈ ತಿಂಗಳ 21, ಮಧ್ಯಾಹ್ನ 12.50
ಸಹಿ: (ದೂರುದಾರಳು, ಮೃತಳ ಅಕ್ಕ)