ಡಿಸ್ಕ್ ಪೂರ್ತಿ ಅಳಿಸಲೇ?

ನಗಬೇಡ್ವೇ! ಪೆಂಗ್ವಿನ್ ಚಿತ್ರ ನೋಡಿ ನಗೋದೇನಿದೆ? ಕಂಪ್ಯೂಟರ್ ನಡೆಸೋಕೆ ನಾನು ಹೊಸದಾಗಿ ಹಾಕಿರೋ ಲಿನಕ್ಸ್‌ಗೆ ಅದೇ ಗುರುತು. ಬಾ, ಕುರ್ಚಿ ಎಳ್ಕೊಂಡು ಕೂತ್ಕೋ. ನಿನ್ನ ಅಳಿಯ ಮಹಾಶಯರು ಏನಂದಿದ್ರು? "ಮಾವ, ಇದು ಗುಜರಿಗೇ ಸರಿ." ಆಹಾ, ಏನು ಪಾಂಡಿತ್ಯ! ಮೊಬೈಲಿಗೆ ಗಾಜು ಅಂಟಿಸೋಕೂ ಅಂಗಡಿಗೆ ಓಡೋ ಮನುಷ್ಯ! ಹದಿಮೂರು ವರ್ಷದ ಕಂಪ್ಯೂಟರ್... ಈಗ ನೋಡು, ಗುಂಡಿ ಒತ್ತಿದ್ರೆ ನೀನು ಕನ್ನಡಕ ಹುಡುಕೋದ್ರೊಳಗೆ ಎದ್ದು ಕೂರುತ್ತೆ. ನಾಳೆ ಮೊಮ್ಮಗಳು ಬಂದ್ರೆ ಚಿತ್ರ ಬಿಡಿಸೋಕೊಂದು, ಲೆಕ್ಕ ಕಲಿಯೋಕೊಂದು, ಅಕ್ಷರ ಕುಟ್ಟೋ ಆಟ ಒಂದು... ಎಲ್ಲಾ ಪುಕ್ಕಟೆ!

ಹ್ಞಾಂ?... ಓ, ಅದಾ. ಇದೆ, ಇದೆ. ನಿನ್ನ ಪುಸ್ತಕ ಎಲ್ಲಿಗೆ ಹೋಗುತ್ತೆ? ಮೂರು ವರ್ಷ, ಮಧ್ಯಾಹ್ನ ಮಧ್ಯಾಹ್ನ, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದ ನಿಮ್ಮಮ್ಮನ ಕಥೆ. ಅದನ್ನ ಬಿಟ್ಟುಬಿಡ್ತೀನಾ? ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನು ಕಣೇ ನಾನು! ಮೊದಲು ಪೆನ್‌ಡ್ರೈವಿಗೆ ಹಾಕ್ಕೊಂಡೆ, ಆಮೇಲೇ ಇದಕ್ಕೆ ಕೈ ಹಚ್ಚಿದ್ದು. "ಡಿಸ್ಕ್ ಪೂರ್ತಿ ಅಳಿಸಲೇ?" ಅಂತ ಕೇಳ್ತು. ಎಂಥ ಮರ್ಯಾದಸ್ಥ ಯಂತ್ರ! ಈ ಮನೇಲಿ ನನ್ನನ್ನ ಕೇಳಿ ಮಾಡೋರು ಇನ್ಯಾರಿದ್ದಾರೆ? ಅಳಿಸಪ್ಪಾ ಅಂದೆ.

ಈಗಲೇ ತೋರಿಸಬೇಕಾ? ಮೊದಲು ಪುಟ್ಟಿಯ ಆಟ ನೋಡು... ಆಯ್ತು, ಆಯ್ತು, ಕಣ್ಣು ಬಿಡಬೇಡ. ಇಗೋ, ಪುಸ್ತಕದ ಹೆಸರು ಕಾಣ್ತಿದೆಯಲ್ಲ! ಸರಿ, ಮುಚ್ಚೋಣ... ಒಳಗೂ ನೋಡಬೇಕಾ? ಒಳಗೆ... ಅದೂ...

ಕೇಳು. ಪರದೆ ಮೇಲೆ ನೀನು ದಿನಾ ಒತ್ತುತ್ತಿದ್ದೆಯಲ್ಲ ಒಂದು ಚಿತ್ರ, ಮೂಲೇಲಿ ಪುಟ್ಟ ಬಾಣ ಇತ್ತಲ್ಲ... ಅದು ಪುಸ್ತಕ ಅಲ್ವಂತೆ. ಪುಸ್ತಕ ಎಲ್ಲಿದೆ ಅಂತ ತೋರಿಸೋ ಕೈಮರವಂತೆ. ನಾನು ಕೈಮರ ಕಿತ್ಕೊಂಡು ಬಂದೆ. ಊರನ್ನ... ಹೂಂ. ಬೆಳಗ್ಗೇನೇ ಗೊತ್ತಾಯ್ತು. ರಿಪೇರಿಯವನನ್ನೂ ಕೇಳಿದೆ. ಅದರ ಮೇಲೆ ಹೊಸದು ಕೂತಾಯ್ತು ಸಾರ್, ಇನ್ನು ಸಿಗಲ್ಲ ಅಂದ. ಅದಕ್ಕೇ ಆಗಿಂದ ಈ ಪೆಂಗ್ವಿನ್ ಪುರಾಣ ಊದ್ತಾ ಇದ್ದೀನಿ.

ಬಯ್ಯೇ! ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ್ರೆ ಅರ್ಧ ದಿನ ಬಯ್ಯೋಳು, ಇದಕ್ಕೆ ಬಾಯಿಗೆ ಬೀಗ ಹಾಕಿ ಕೂತಿದ್ದೀಯಲ್ಲ! ಹೋಗಲಿ ಬಿಡು. ಡಿಸ್ಕಲ್ಲಿ ಹೋದ್ರೇನು? ಇಲ್ಲಿದೆ, ಈ ತಲೇಲಿ! ಓದಿ ನೋಡಿ ಅಂತ ನೀನು ತೆರೆದಿಟ್ಟು ಹೋದಾಗಲೆಲ್ಲ ಓದಿದ್ದೀನಿ. ಒಂದಲ್ಲ, ಎರಡೆರಡು ಸಲ. ಚೆನ್ನಾಗಿದೆ ಅಂತಲೂ ಹೇಳಿದ್ನಲ್ಲ! ನಾನು ಹೇಳ್ತಾ ಹೋಗ್ತೀನಿ, ನೀನು ಬರ್ಕೊಂಡ್ರಾಯ್ತು...

ಎಲ್ಲಿಗೆ ಎದ್ದೆ?

...ಓ. ನೋಟ್‌ಬುಕ್ ತಂದ್ಯಾ. ಪೆನ್ನೂ. ಈಗಲೇನಾ?

ಸರಿ. ಮೊದಲನೇ ಅಧ್ಯಾಯ. ನಿಮ್ಮಮ್ಮ... ನಿಮ್ಮಮ್ಮ ಹುಟ್ಟಿದ್ದು... ಅಲ್ಲ, ಅದು ಎರಡನೇದು. ಮೊದಲು ಮನೆ ಬರುತ್ತೆ, ಅಲ್ವಾ? ಮನೆ ಹಿಂದೆ ಬಾವಿ... ಇತ್ತಾ? ನೀನು ಶುರು ಎತ್ಕೊಟ್ರೆ... ಚೂರು... ಒಂದೇ ಸಾಲು...

ಹಾಗೆ ನೋಡಬೇಡ್ವೇ. ಚೆನ್ನಾಗಿದೆ ಅಂದಿದ್ದು ಸುಳ್ಳಲ್ಲ. ನೀನು ಬರೆದದ್ದು, ಚೆನ್ನಾಗೇ ಇರುತ್ತೆ ಅಂತ ಗೊತ್ತಿತ್ತಲ್ಲ, ಅದಕ್ಕೇ ಓದೋ ಗೋಜಿಗೆ...

ಲೇ. ಪೆನ್ನು ಮುಚ್ಚಬೇಡ್ವೇ.