ಸುಮ್ಮನೆ ನೇತಾಡುತ್ತಿದ್ದ ತುಂಡು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಸ್ವಾಗತ ಸಮಿತಿಯ ಮುಖ್ಯಸ್ಥರೂ ನಮ್ಮ ಮನೆಯ ಯಜಮಾನರೂ ಆಗಿ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತವರೇ, ಸಭಿಕರೇ,

ನಿವೃತ್ತಿಯ ದಿನ ಕಣ್ಣೀರು ಬರುವುದು ವಾಡಿಕೆ. ನನಗೆ ಬಂದಿರುವುದು ಸಿಟ್ಟು. ನನ್ನನ್ನು ಇಷ್ಟು ಹೊಗಳಿ ಅಟ್ಟಕ್ಕೇರಿಸಿದ್ದೀರಿ, ಅಲ್ಲಿಂದಲೇ ಮಾತನಾಡುತ್ತೇನೆ.

ಈ ಪರದೆಯ ಹಿಂದಿನ ಫಲಕದಲ್ಲಿ ನಮ್ಮ ಹೊಸ ಮಿಶ್ರಲೋಹ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತೆಂದು ಕೆತ್ತಿಸಿದ್ದಾರೆ. ಯಾವ ಪರೀಕ್ಷೆ? ಯಾರು ಪಾಸು ಮಾಡಿದರು?

ಜೆಟ್ ಎಂಜಿನ್ನಿನೊಳಗೆ, ಬೆಂಕಿಯ ಬಾಯಲ್ಲಿ ತಿರುಗುವ ಅಲಗುಗಳಿಗಾಗಿ ಮಾಡಿದ ನಿಕಲ್ ಮಿಶ್ರಲೋಹ ಅದು. ಅಷ್ಟು ಬಿಸಿಯಲ್ಲಿ ಗಟ್ಟಿ ಲೋಹವೂ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಗ್ಗುತ್ತದೆ. ಜಗ್ಗಿ ಜಗ್ಗಿ ಒಂದು ದಿನ ತುಂಡಾಗುತ್ತದೆ. ಆ ದಿನ ವಿಮಾನ ಆಕಾಶದಲ್ಲಿರಬಾರದು ನೋಡಿ, ಅದಕ್ಕೇ ನಮ್ಮ ಪ್ರಯೋಗಾಲಯ. ಕುಲುಮೆಯೊಳಗೆ ಲೋಹದ ತುಂಡಿಗೆ ಭಾರ ಕಟ್ಟಿ ತೂಗುಬಿಡುತ್ತೇವೆ. ಕುಲುಮೆ ಆರಬಾರದು, ಭಾರ ಅಲುಗಬಾರದು. ಏನೂ ಆಗುತ್ತಿಲ್ಲ ಎಂಬುದನ್ನು ಕಾಯುವುದೇ ನಮ್ಮ ಉದ್ಯೋಗ.

ಹೋದ ವಾರ ನಾನು ರಜೆಯಲ್ಲಿದ್ದಾಗ, ಅತಿಥಿಗಳು ಬರುತ್ತಾರೆಂದು ಪ್ರಯೋಗಾಲಯಕ್ಕೆ ಬಣ್ಣ ಹೊಡೆಸಿದರು. ಬಣ್ಣದವರಿಗೆ ಸೆಕೆಯಾಗುತ್ತದೆಂದು ಕುಲುಮೆ ಆರಿಸಿದರು. ವರ್ಷವಿಡೀ ಉರಿದ ಕುಲುಮೆ! ಆರಿಸಿದವರು ವಿದ್ಯುತ್ ವಿಭಾಗದ ಮುಖ್ಯಸ್ಥರು, ಅಂದರೆ ನಮ್ಮ ಯಜಮಾನರೇ. ಕೇಳಿದರೆ ಏನಂದರು ಗೊತ್ತೇ?

"ಅದು ಸುಮ್ನೆ ನೇತಾಡ್ತಿತ್ತು ಕಣೇ. ಏನಾದ್ರೂ ಆಗ್ತಿತ್ತಾ? ನಿನ್ನ ಫೋಟೋ ಚೆನ್ನಾಗಿ ಬರ್ಲಿ ಅಂತ ಮಾಡಿಸ್ದೆ."

ಫೋಟೋ ಚೆನ್ನಾಗಿಯೇ ಬಂದಿದೆ, ಗೋಡೆಯೂ ಬೆಳ್ಳಗಿದೆ. ಅರ್ಧಕ್ಕೆ ನಿಂತ ಪರೀಕ್ಷೆಯನ್ನು ಮೇಲಿನವರು ಮುಗಿದದ್ದೆಂದು ಬರೆದುಕೊಂಡರು. ಮಗುವಿನ ಕೈಯಿಂದ ಉತ್ತರಪತ್ರಿಕೆ ಕಿತ್ತುಕೊಂಡು, ನೀನು ಪಾಸು ಎಂದರೆ ಹೇಗೆ?

ಯಜಮಾನರು ಕೆಟ್ಟವರಲ್ಲ. ಒಂದು ದಿನವೂ ಗದರಿದವರಲ್ಲ. ಅವರ ತಾಯಿ ನನ್ನ ಅಡುಗೆಯನ್ನು, ನನ್ನ ಓದನ್ನು, ನನ್ನ ತವರನ್ನು ಆಡಿಕೊಂಡಾಗ ಇವರು ಪೇಪರ್ ಓದುತ್ತಿದ್ದರು. ನಾನು ಸುಮ್ಮನಿದ್ದೆ. ಮನೆಯಲ್ಲಿ ಏನೂ ತೊಂದರೆಯಿಲ್ಲ ಎಂದು ಇವರು ಎಲ್ಲರಿಗೂ ಹೇಳುತ್ತಿದ್ದರು. ನಾನು ಸುಮ್ಮನಿದ್ದೆ... ಇರಲಿ. ಎಲ್ಲಿಂದ ಎಲ್ಲಿಗೋ ಹೋದೆ, ಕ್ಷಮಿಸಿ.

ಅಧ್ಯಕ್ಷರೇ, ಆ ಪರದೆ ಎಳೆಯಬೇಡಿ. ಎಳೆದರೆ ಕೆತ್ತಿದ್ದು ಸುಳ್ಳೆಂದು ಈ ಮೈಕಿನಲ್ಲೇ ಹೇಳುತ್ತೇನೆ. ಬೆಳಿಗ್ಗೆ ಹೊಸ ತುಂಡು ತೂಗುಹಾಕಿ, ಕುಲುಮೆ ಹೊತ್ತಿಸಿ ಬಂದಿದ್ದೇನೆ. ಸ್ವಿಚ್ಚಿನ ಕೋಣೆಗೆ ನನ್ನದೇ ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಬ್ಯಾಗಿನಲ್ಲಿದೆ. ಪರೀಕ್ಷೆ ಮುಗಿಯುವವರೆಗೆ ಕಚೇರಿಗೂ ಕೊಡುವುದಿಲ್ಲ, ಮನೆಯಲ್ಲೂ ಕೊಡುವುದಿಲ್ಲ.

ಇಷ್ಟು ಹೊತ್ತು ಮೈಕ್ ಆರಿಸದೆ ಕೇಳಿದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.